ಮಗ್ಗದ ಮನೆಯಲ್ಲಿ ಸಿಇಟಿ

ದೊಡ್ಡಬಳ್ಳಾಪುರದಲ್ಲಿ ಸಿಇಟಿಗೆ ಪಾಠ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನನ್ನ ಸೋದರಮಾವನಂಥ ಪಂಡಿತರು ಇನ್ನೊಬ್ಬರಿಲ್ಲ. ಅವರು ಓದಿದ್ದು ಏಳನೇ ಕ್ಲಾಸು, ಅದೂ ಅರ್ಧ ಎಂಬುದೊಂದು ಸಣ್ಣ ತೊಡಕು, ಅಷ್ಟೇ!

ಮಾವನ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಕರೆಂಟು ಹೋದಾಗ ಬಿಟ್ಟರೆ ಅವು ಸುಮ್ಮನಾದದ್ದನ್ನು ಬೀದಿಯವರು ಕಂಡಿಲ್ಲ. ಸ್ವಂತ ಮಗನ ಮದುವೆಯ ದಿನವೂ ಒಂದು ಮಗ್ಗ ಓಡುತ್ತಿತ್ತೆಂದು ಅತ್ತೆ ಇವತ್ತಿಗೂ ಹಂಗಿಸುತ್ತಾರೆ. ನನ್ನ ಮಗಳು ಬಿಎಸ್ಸಿ ಅಗ್ರಿ ಓದುತ್ತೇನೆಂದು ಹಟ ಹಿಡಿದಾಗ, ಮೂರು ತಲೆಮಾರಿನಿಂದ ಹೊಲಕ್ಕೆ ಕಾಲಿಡದ ನೇಕಾರರ ಮನೆಯಲ್ಲಿ ಇದೆಂಥ ಹುಚ್ಚು ಎಂದು ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಮಗ್ಗದ ಪಕ್ಕಕ್ಕೇ ಮೇಜು ಎಳೆದು ಭಾನುವಾರದ ಮಾದರಿ ಪರೀಕ್ಷೆ ಶುರು ಮಾಡಿಬಿಟ್ಟರು.

ಈ ಗದ್ದಲದಲ್ಲಿ ಬರೆಯುವುದು ಹೇಗೆ ಎಂದು ಮಗಳು ಗಂಟಲು ಹರಿದುಕೊಂಡು ಕೇಳಿದಳು.

"ಸದ್ದಿಲ್ಲದ ಕಡೆ ಯಾರ್ ಬೇಕಾದ್ರೂ ಬರೀತಾರೆ ಕಣವ್ವ. ಇಲ್ಲಿ ಬರೆದ್ರೆ ಎಲ್ಲಾದ್ರೂ ಬರೀತೀಯ."

ಪರೀಕ್ಷೆಗೆ ಓಲೆ ಹಾಕಿಕೊಂಡು ಹೋಗಬಾರದೆಂದು ಮಾವ ಎಲ್ಲೋ ಕೇಳಿದ್ದರು. ಓಲೆ ಬಿಚ್ಚಿಸಿದರು, ವಾಚು ಬಿಚ್ಚಿಸಿದರು, ಜಡೆಯಲ್ಲೇನಾದರೂ ಬಚ್ಚಿಟ್ಟಿದ್ದಾಳೋ ನೋಡೆಂದು ಅತ್ತೆಯನ್ನು ಕಳಿಸಿದರು. ಅತ್ತೆಗೆ ಸಿಕ್ಕಿದ್ದು ಒಂದು ಹೇನು!

ಉತ್ತರ ತುಂಬುವ ಓಎಂಆರ್ ಹಾಳೆ ಕಂಡದ್ದೇ ಮಾವನ ಮುಖ ಅರಳಿತು. ಸೀರೆಯ ಅಂಚಿಗೆ ಹೂವು, ನವಿಲು ಬರಿಸುವ ತೂತುತೂತಿನ ರಟ್ಟಿನ ಕಾರ್ಡುಗಳು ಮಗ್ಗದ ಮೇಲೆ ಮಾಲೆಯಾಗಿ ತೂಗುತ್ತವಲ್ಲ, ಥೇಟ್ ಅದೇ! ಅಂದಿನಿಂದ ಸರಿಯುತ್ತರಗಳ ಗೊಡವೆಯಿಲ್ಲದೆ ಹಾಳೆ ತಿದ್ದತೊಡಗಿದರು. 'ಸಿ' ಬೋಳಾಗಿ ಕಾಣುತ್ತಿದೆ, ಅಲ್ಲಿ ನಾಲ್ಕು ಹೂವು ಹಾಕು ಎನ್ನುವರು. ಅವರಿಗೆ ಭೌತಶಾಸ್ತ್ರವೆಲ್ಲಿ, ಅಂಚಿನ ಅಂದವೆಲ್ಲಿ!

ನಗು ನಿಂತದ್ದು ಸಿಇಟಿಗೆ ಎರಡು ವಾರವಿದ್ದಾಗ. ಟ್ಯೂಷನ್ನಿನ ಪರೀಕ್ಷೆಯಲ್ಲಿ ಮಗಳಿಗೆ ಅರವತ್ತಕ್ಕೆ ಹತ್ತೊಂಬತ್ತು ಬಂತು. ಅವಳು ಅಳಲಿಲ್ಲ, ನನಗೆ ಭಯವಾದದ್ದೇ ಅದಕ್ಕೆ. ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಸಿಇಟಿ ಬರೆಯುವುದಿಲ್ಲ, ನಗುವವರು ನಗಲಿ ಎಂದಳು.

ಸುದ್ದಿ ತಿಳಿದು ಮಾವ ಬಂದರು. ಟ್ಯೂಷನ್ನಿನವರು ಸರಿಯುತ್ತರ ತುಂಬಿ ಕೊಟ್ಟಿದ್ದ ಹಾಳೆಯ ಮೇಲೆ ಅವಳ ಹಾಳೆಯನ್ನಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಹನ್ನೆರಡನೇ ಪ್ರಶ್ನೆಯವರೆಗೆ ಚುಕ್ಕಿಯ ಮೇಲೆ ಚುಕ್ಕಿ ಕೂತಿತ್ತು. ಆಮೇಲೆ ಚೆಲ್ಲಾಪಿಲ್ಲಿ. ಅವಳ ಹಾಳೆಯನ್ನು ಒಂದೇ ಒಂದು ಸಾಲು ಕೆಳಕ್ಕೆ ಸರಿಸಿದರು. ಮತ್ತೆ ಚುಕ್ಕಿಯ ಮೇಲೆ ಚುಕ್ಕಿ!

"ಕಾರ್ಡ್ ಒಂದು ಹಾರೈತೆ ಕಣವ್ವ. ಡಿಸೈನ್ ಸರಿಯಾಗೇ ಐತೆ."

ಹದಿಮೂರನೇ ಪ್ರಶ್ನೆಯನ್ನು ಆಮೇಲೆ ನೋಡೋಣವೆಂದು ಬಿಟ್ಟವಳು, ಹಾಳೆಯಲ್ಲಿ ಅದರ ಸಾಲನ್ನು ಖಾಲಿ ಬಿಡಲು ಮರೆತಿದ್ದಳು. ಮುಂದಿನದೆಲ್ಲ ಒಂದೊಂದು ಮನೆ ಮೇಲೆ! ಎಣಿಸಿದರೆ ನಲವತ್ತೆಂಟು ಸರಿ. ಆಗ ಅತ್ತಳು ನೋಡಿ, ಮಾವನ ಪಂಚೆಯ ತುದಿಯಲ್ಲೇ ಮೂಗೊರೆಸಿಕೊಂಡು. ಕಾರ್ಡು ಹೊಲಿಯುವಾಗ ಹತ್ತಕ್ಕೊಂದು ಕೆಂಪು ದಾರ ಕಟ್ಟುತ್ತೇವೆ, ನೀನೂ ಹತ್ತು ಪ್ರಶ್ನೆಗೊಮ್ಮೆ ನಿಂತು ನಂಬರು ನೋಡು ಎಂದು ಹೇಳಿಕೊಟ್ಟರು. ಪೆಟ್ಟಿಗೆಯಿಂದ ಪುಸ್ತಕಗಳನ್ನು ಅವರೇ ತೆಗೆದಿಟ್ಟರು, ಎಲ್ಲವೂ ತಲೆಕೆಳಗಾಗಿ.

ಪರೀಕ್ಷೆಯ ಬೆಳಿಗ್ಗೆ ಮಗಳನ್ನು ಊರಾಚೆಯ ಕಾಲೇಜಿಗೆ ಬಿಟ್ಟು, ಮನೆಯಲ್ಲಿ ಕೂರಲಾರದೆ ಮಾವನಲ್ಲಿಗೆ ಹೋದೆ. ಬೀದಿ ತಿರುಗಿ ಕಿವಿಗೊಟ್ಟೆ. ಮಗ್ಗಗಳ ಸದ್ದಿಲ್ಲ! ಒಳಗೆ ನಾಲ್ಕೂ ನಿಂತಿದ್ದವು. ಮಾವ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು.

"ಕರೆಂಟ್ ಇಲ್ವಾ ಮಾವ?"

"ಐತೆ."

"ಮತ್ತೆ?"

ಅವರು ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಮಾತಾಡು. ಮಗು ಬರೀತೈತೆ" ಎಂದರು.

ಕಾಲೇಜು ಅಲ್ಲಿಂದ ಮೂರು ಕಿಲೋಮೀಟರು. ನಾನು ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು, ಅವರ ಪಕ್ಕದಲ್ಲಿ ಹೋಗಿ ಕೂತೆ.