ಬುದ್ಧನ ಮೇಳ, ಏಸುವಿನ ಮೇಳ

ಇಬ್ಬರು ದೊಡ್ಡವರನ್ನು ತಕ್ಕಡಿಯಲ್ಲಿಟ್ಟು ತೂಗಲು ಹೊರಟವನು ತಾನೆಷ್ಟು ತೂಗುತ್ತೇನೆಂಬುದನ್ನು ಮೊದಲು ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ. ಬುದ್ಧ ಮತ್ತು ಏಸು ಇವರ ಸಾಮ್ಯಭೇದಗಳನ್ನು ಕುರಿತು ಭಾಷಣ ಮಾಡಲು ನಾನು ಒಪ್ಪಿಕೊಂಡದ್ದು ಧರ್ಮದ ಮೇಲಿನ ಆಸಕ್ತಿಯಿಂದಲೂ ಅಲ್ಲ. ತವರಿಗೆ ಹೋಗಿ ಕುಳಿತ ಹೆಂಡತಿಯನ್ನು ಕರೆಯದೆಯೇ ಕರೆತರಬೇಕಾಗಿತ್ತು, ಅದಕ್ಕೆ.

ಆಗ ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಯುದ್ಧದ ಕಾಲ. ರೇಶನ್ನಿನಲ್ಲಿ ಸಿಗುತ್ತಿದ್ದ ಜೋಳ ಎಷ್ಟು ಹಳೆಯದೆಂದರೆ ಅದನ್ನೂ ನನ್ನ ಪಾಠದಲ್ಲಿ ಸೇರಿಸಬಹುದಿತ್ತು. ಜಿಗಿಯಿಲ್ಲದ ಆ ಹಿಟ್ಟಿನಲ್ಲಿ ಹೇಗೋ ರೊಟ್ಟಿ ಬಡಿದು, ಊಟಕ್ಕೆ ಬಂದ ನನ್ನ ಇಬ್ಬರು ಸಹೋದ್ಯೋಗಿಗಳಿಗೆ ಬಡಿಸಿದ ಹೆಂಡತಿ ನೀಲವ್ವನಿಗೆ ನಾನು ಶಹಭಾಸ್ ಅನ್ನಬೇಕಿತ್ತು. ಬದಲಿಗೆ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿ, "ಗೋಲಗುಮ್ಮಟದ ಕಲ್ಲು ಬಿದ್ರ ಚಿಂತಿಲ್ಲಪ್ಪ, ನಮ್ಮನ್ಯಾಗ ಸಿಗ್ತಾವ" ಎಂದೆ. ಗುಮ್ಮಟದೊಳಗೆ ಆಡಿದ ಮಾತು ಏಳು ಸಲ ಕೇಳಿಸುತ್ತದಂತೆ. ನನ್ನ ಮಾತು ಸ್ಟಾಫ್ ರೂಮಿನಲ್ಲಿ ಒಂದು ವಾರ ತಿರುಗಿ, ಓಣಿಯ ನಳದ ಹತ್ತಿರ ಹೆಂಗಸರ ಬಾಯಿಂದ ಮತ್ತೆ ನೀಲವ್ವನ ಕಿವಿಗೇ ಬಿತ್ತು. ಅಂದೇ ಗಂಟು ಕಟ್ಟಿದಳು. "ಇನ್ನ ಕಲ್ಲು ತಿಂದು ಹಲ್ಲು ಮುರಕೊಳ್ಳೂದು ಬ್ಯಾಡ ನಿಮಗ" ಎಂದವಳೇ ತವರೂರು ಟಿಕೋಟಾದ ಬಸ್ಸು ಹತ್ತಿದಳು.

ನಮ್ಮ ಕಡೆ ಮುನಿದು ತವರಿಗೆ ಹೋದವಳು ತಾನಾಗಿ ಮರಳುವಂತಿಲ್ಲ. ಗಂಡ ಕುಪ್ಪಸಕ್ಕೆಂದು ಒಂದು ಖಣ ತೆಗೆದುಕೊಂಡು ಹೋಗಿ, ಹಿರಿಯರ ಮುಂದೆ ಅದನ್ನಿಟ್ಟು, "ಕರ್ಯಾಕ ಬಂದೇನಿ" ಎಂದು ಬಾಯಿಬಿಟ್ಟು ಹೇಳಬೇಕು. ಎರಡೇ ಶಬ್ದ. ಆದರೆ ಅದನ್ನು ಹೇಳಿದರೆ ತಪ್ಪು ತನ್ನದೆಂದು ಒಪ್ಪಿಕೊಂಡಂತೆ. ನಾನು ಒಂದು ತಿಂಗಳು ಖಾನಾವಳಿಯಲ್ಲಿ ಉಂಡೆ. ಅಲ್ಲಿಯ ರೊಟ್ಟಿ ತಿಂದ ಮೇಲೆ ನೀಲವ್ವನದು ಎಷ್ಟು ಮೆತ್ತಗಿತ್ತೆಂಬ ಜ್ಞಾನೋದಯವಾಯಿತು. ಮನೆಗೆ ಬಂದರೆ ತಣ್ಣಗಿನ ಒಲೆ ಕಂಡು ಸಂಕಟವೂ ಆಗುತ್ತಿತ್ತು. ನಾಲಗೆ ಮಾತ್ರ ಬಗ್ಗಲಿಲ್ಲ.

ಅಷ್ಟರಲ್ಲಿ ಟಿಕೋಟಾದ ವಾಚನಾಲಯದವರಿಂದ ಭಾಷಣಕ್ಕೆ ಕರೆ ಬಂತು. ಭಾಷಣಕ್ಕೆ ಹೋದವನು ಮಾವನ ಮನೆಯಲ್ಲೇ ಇಳಿದುಕೊಳ್ಳಬೇಕು. ಇಳಿದುಕೊಂಡವನು ಮರುದಿನ ಹೊರಡುವಾಗ ಅವಳೂ ಹೊರಡುವಳು. ಯಾರೂ ಯಾರನ್ನೂ ಕರೆದಂತಾಗುವುದಿಲ್ಲ. ಹುರುಪಿನಿಂದ ಹಾಳೆಯ ಮೇಲೆ ಎರಡು ಪಟ್ಟಿ ಗೀಚಿ ಕುಳಿತೆ. ಒಬ್ಬ ಅರಮನೆ ಬಿಟ್ಟು ಬಂದವನು, ಇನ್ನೊಬ್ಬ ದನದ ಕೊಟ್ಟಿಗೆಯಲ್ಲಿ ಹುಟ್ಟಿದವನು. ಒಬ್ಬನನ್ನು ಕೆಣಕಲು ಮಾರ ಬಂದ, ಇನ್ನೊಬ್ಬನನ್ನು ಕೆಣಕಲು ಸೈತಾನ. ಒಬ್ಬ ದೇವರ ಸುದ್ದಿಗೇ ಹೋಗಲಿಲ್ಲ, ಇನ್ನೊಬ್ಬ ದೇವರನ್ನು ಅಪ್ಪಾ ಎಂದೇ ಕರೆದ. ದ್ವೇಷಕ್ಕೆ ದ್ವೇಷ ಮದ್ದಲ್ಲ ಎಂಬಲ್ಲಿ ಇಬ್ಬರೂ ಒಂದೇ. ನಾಲ್ಕನೆಯ ಹಾಳೆಯಲ್ಲಿ ಯಶೋಧರೆ ಬಂದಳು. ಆ ಹಾಳೆಯನ್ನು ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ.

ಪೆಟ್ರೋಲಿಲ್ಲದ ಆ ಕಾಲದಲ್ಲಿ ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಏರು ಬಂದಲ್ಲೆಲ್ಲ ಇಳಿದು ನೂಕಿ, ಮಸಿ ಮೆತ್ತಿದ ಮುಖದಿಂದ ಟಿಕೋಟಾ ಮುಟ್ಟಿದೆ. ಮಾವ ನನ್ನ ಕೈ ನೋಡಿದರು. ಖಣವಿರಲಿಲ್ಲ, ಹಾಳೆಗಳಿದ್ದವು.

"ಕರ್ಯಾಕ ಬಂದೀರೇನು?"

"ಇಲ್ರಿ ಮಾವಾರ, ಭಾಷಣ ಐತಿ."

ನೀರಿನ ಚೊಂಬು ತಂದಿದ್ದ ನೀಲವ್ವ ಅದನ್ನು ಹೊಸ್ತಿಲಲ್ಲೇ ಇಟ್ಟು ಒಳಗೆ ಹೋದಳು.

ಸಂಜೆ ಚಾವಡಿಯ ಮುಂದೆ ಅಷ್ಟೊಂದು ಜನ ಸೇರಿದ್ದು ಕಂಡು ನನಗೆ ಹೆಮ್ಮೆಯಾಯಿತು. ಕಾರಣ ಆಮೇಲೆ ತಿಳಿಯಿತು. ನಮ್ಮ ಕಡೆ ಹರದೇಶಿ-ನಾಗೇಶಿ ಎಂಬ ಸವಾಲು-ಜವಾಬಿನ ಹಾಡಿಕೆಯುಂಟು. ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ. ಕೊನೆಗೆ ಗೆದ್ದವರು ಯಾರೆಂದು ಹಿರಿಯರು ಹೇಳುತ್ತಾರೆ. ಬುದ್ಧ ಮತ್ತು ಏಸು ಎಂದು ಡಂಗುರ ಹೊಡೆದಾಗ ಊರಿಗೆ ಊರೇ ಇದೂ ಅಂಥದ್ದೇ ಎಂದು ತಿಳಿದು, ಗೆಲ್ಲಿಸಲು ಬಂದಿತ್ತು. ಬಲಗಡೆ ಮಾವನ ಮುಂದಾಳುತನದಲ್ಲಿ ಬುದ್ಧನ ಮೇಳ. ಎಡಗಡೆ, ಲಾವಣಿಯಲ್ಲಿ ಪಳಗಿದ ಮುದುಕ ಇಮಾಮಸಾಬ. "ಏಸು ಅಂದ್ರ ನಮ್ಮ ಈಸಾ ಪೈಗಂಬರ. ಅವರ ಕಡೆ ನಾ ಕುಂಡ್ರಾವ" ಎಂದು ಆತ ಚಾಪೆ ಹಾಸಿಯಾಗಿತ್ತು.

"ಮಾಸ್ತರ್ರ, ನೀವು ಒಬ್ಬರ ಬಂದೀರಲ್ಲ, ಎದುರು ಮೇಳ ಬಬಲೇಶ್ವರದಿಂದ ಬರ್ತದೇನ್ರಿ?" ಎಂದು ಒಬ್ಬ ಕೇಳಿದ.

ಎರಡೂ ನಾನೇ ಎಂದೆ. ಜನಕ್ಕೆ ಸರಿಬರಲಿಲ್ಲ. ಆದರೂ ನಾನು ಕ್ಷಮೆಯ ವಿಷಯಕ್ಕೆ ಬಂದು, ಏಳು ಸಲವಲ್ಲ, ಏಳೆಪ್ಪತ್ತು ಸಲ ಕ್ಷಮಿಸಬೇಕೆಂದು ಏಸು ಹೇಳಿದ್ದನ್ನು ಹೆಂಗಸರು ಕುಳಿತ ದಿಕ್ಕಿಗೆ ತಿರುಗಿ ಎರಡೆರಡು ಸಲ ಹೇಳಿದೆ. ತಪ್ಪಿಸಿಕೊಂಡ ಒಂದೇ ಕುರಿಗಾಗಿ ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಕುರುಬನ ಕಥೆಯನ್ನೂ ಹೇಳಿದೆ. ಇಮಾಮಸಾಬ ಹೆಮ್ಮೆಯಿಂದ ಗಡ್ಡ ಸವರಿಕೊಂಡ. ಆಗ ಹೆಂಗಸರ ನಡುವಿನಿಂದ ಒಂದು ದನಿ ಎದ್ದಿತು. ಗುರುತಿನ ದನಿ.

"ಬುದ್ಧ ಹೆಣ್ತಿಗೆ ಹೇಳದ ಮನಿ ಬಿಟ್ಟು ಹೋದನಂತಲ್ರಿ. ಮುಂದ ದೊಡ್ಡಾಂವ ಆಗಿ ಊರಿಗೆ ಬಂದಾಗ ಆಕಿ ಹೋಗಿ ಕಂಡಳೋ, ಅಂವನ ಆಕಿ ಕಡೆ ಬಂದನೋ?"

ನಾಲ್ಕನೆಯ ಹಾಳೆ ಒಳಜೇಬಿನಲ್ಲಿ ಸುಡತೊಡಗಿತು. ಊರೆಲ್ಲ ಅವನನ್ನು ಕಾಣಲು ಓಡಿದರೂ ಯಶೋಧರೆ ಕುಳಿತಲ್ಲಿಂದ ಏಳಲಿಲ್ಲವೆಂದೂ, ಕೊನೆಗೆ ಅವನೇ ಅವಳಿದ್ದಲ್ಲಿಗೆ ಹೋದನೆಂದೂ ಅದರಲ್ಲಿ ನನ್ನ ಕೈಯಾರೆ ಬರೆದಿದ್ದೆ.

"ಅವನೇ ಹೋದ" ಎಂದೆ.

"ಈಸಾ ಹೇಳಿದ ಕುರುಬನೂ ತಾನ ಹೋದ, ಕುರಿಗೆ ಚೀಟಿ ಕಳಸಲಿಲ್ಲ" ಎಂದ ಇಮಾಮಸಾಬ.

"ಹಂಗಾರ ಎರಡೂ ಮೇಳ ಸಮಾ ಆದ್ವು" ಎಂದು ಮಾವ ತೀರ್ಪು ಕೊಟ್ಟರು. "ತಾವಾಗಿ ಹೋದವರ ದೊಡ್ಡವರು."

"ಹೋಗುವಾಗ ಭಾಷಣದ ನೆವ ಮಾಡ್ಕೊಂಡು ಹೋಗಿದ್ರೇನ್ರಿ?" ಎಂದಳು ನೀಲವ್ವ.

ಊರು ಗೊಳ್ಳೆಂದು ನಕ್ಕಿತು. ಮಾವನೂ ನಕ್ಕರು. ಅವಳ ದನಿ ಮಾತ್ರ ಕೊನೆಗೆ ನಡುಗಿದ್ದು ನನಗೆ ಕೇಳಿಸಿತು. ಒಂದು ತಿಂಗಳು ಅವಳು ಹೊಸ್ತಿಲು ನೋಡುತ್ತ ಕುಳಿತಿರಬೇಕೆಂದು ಆಗ ಹೊಳೆದು, ನಾಚಿಕೆಯಾಯಿತು. ಹಾಳೆಗಳನ್ನು ಕೆಳಗಿಟ್ಟು, "ನೀಲವ್ವನ್ನ ಕರ್ಯಾಕ ಬಂದೇನ್ರಿ. ಖಣ ತಂದಿಲ್ಲ, ತಪ್ಪು ನಂದ" ಎಂದೆ. ಇಡೀ ಭಾಷಣದಲ್ಲಿ ಚಪ್ಪಾಳೆ ಬಿದ್ದದ್ದು ಅದೊಂದೇ ಮಾತಿಗೆ.

ಮರುದಿನ ಬಸ್ಸು ಇದ್ದಿಲಿಗಾಗಿ ನಿಂತಾಗ ನೀಲವ್ವ ಬುತ್ತಿ ಬಿಚ್ಚಿದಳು. ಅದೇ ರೇಶನ್ನಿನ ಜೋಳ. ನಾನು ಮೊದಲ ತುತ್ತು ಕಚ್ಚುವವರೆಗೂ ಕಾದು, "ಹ್ಯಾಂಗ ಆಗ್ಯಾವು ರೊಟ್ಟಿ?" ಎಂದು ಕೇಳಿದಳು. ಕೆಲವು ಪ್ರಶ್ನೆಗಳಿಗೆ ಬುದ್ಧ ಉತ್ತರವನ್ನೇ ಕೊಡುತ್ತಿರಲಿಲ್ಲ. ವಿಚಾರಣೆಗೆ ನಿಲ್ಲಿಸಿದಾಗ ಏಸುವೂ ಮೌನವಾಗಿದ್ದ. ಇಷ್ಟು ದೊಡ್ಡ ಸಾಮ್ಯ ನನ್ನ ಪಟ್ಟಿಯಲ್ಲಿ ಬಿಟ್ಟೇ ಹೋಗಿತ್ತು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ನಾನೂ ಸುಮ್ಮನೆ ಕುಳಿತೆ.