ಕರಿ ಸಿಗಾರು, ಬಾರದ ಕೆಮ್ಮು

ದಕ್ಷಿಣಾಮೂರ್ತಿಗೆ ತುರ್ತಾಗಿ ಒಂದು ಕೆಮ್ಮು ಬೇಕಾಗಿತ್ತು.

ದೆಹಲಿಯಲ್ಲಿ ಅವನಿದ್ದ ರೋಹಿಣಿ ಬಡಾವಣೆಗೆ ಮೆಟ್ರೋ ಬಂದ ಮರುವರ್ಷದ ಮಾತು. ಮಾನೇಸರಿನ ಕಾರ್ಖಾನೆಯಲ್ಲಿ ನೆಮ್ಮದಿಯಾಗಿ ಸ್ಟೋರು ನೋಡಿಕೊಂಡಿದ್ದ ಬಡಪಾಯಿಯನ್ನು ಫರೀದಾಬಾದಿನ ಎರಕದ ಶೆಡ್ಡಿಗೆ ಹಾಕುತ್ತಾರೆಂಬ ಸುದ್ದಿ ಎದ್ದಿತ್ತು. ಹೋದ ತಿಂಗಳಷ್ಟೇ ಅಲ್ಲಿ ಕುಲುಮೆ ಸಿಡಿದು ಒಬ್ಬನ ಹುಬ್ಬು ಸುಟ್ಟಿತ್ತು. ಮೂರ್ತಿಗೆ ನಿದ್ದೆ ಹಾರಿಹೋಯಿತು. "ನನ್ನ ಎದೆ ಹೊಗೆ ತಡೆಯುವುದಿಲ್ಲ" ಎಂದು ಅರ್ಜಿ ಬರೆದುಕೊಟ್ಟ. ಮ್ಯಾನೇಜರು ಕರ್ನಲ್ ಪೊನ್ನಣ್ಣ, ಸೈನ್ಯದಿಂದ ನಿವೃತ್ತರಾದ ಕೊಡಗಿನವರು, ಭಾನುವಾರ ಬೆಳಿಗ್ಗೆ ಮನೆಗೆ ಬಾ ಎಂದರು.

ಮನೆಗೆ ಬಂದವರ ಮುಂದೆ ಕರ್ನಲ್ ಸಿಗಾರಿನ ತಟ್ಟೆ ಹಿಡಿಯುತ್ತಿದ್ದರು. ತಿಳಿ ಬಣ್ಣದ್ದೊಂದು, ಕಪ್ಪನೆಯದೊಂದು. ಬೇಡವೆಂದವನನ್ನು ಅವರು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ.

ಕೆಳಮನೆಯ ಬಸವಲಿಂಗಪ್ಪ ಹುಣಸೂರು ಕಡೆಯ ಹೊಗೆಸೊಪ್ಪಿನ ನಾಡಿನವನು. ಕೇಳದೆಯೇ ಉಪಾಯ ಹೇಳಿದ.

"ಅಚ್ಛಾ, ಅಷ್ಟೇನಾ? ಕಪ್ಪಗಿರೋದು ತಗೋ. ಹೊಗೆಸೊಪ್ಪು ಕಪ್ಪಾದಷ್ಟೂ ಘಾಟು, ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಒಂದು ದಮ್ಮಿಗೆ ಹಳೇ ಲಾರಿ ಥರ ಕೆಮ್ತೀಯ. ಅರ್ಜಿ ಪಾಸು."

"ಪ್ರಾಣ ಹೋದ್ರೆ?"

"ಹೋದ್ರೂ ಫರೀದಾಬಾದ್ ತಪ್ಪುತ್ತಲ್ಲ."

ಭಾನುವಾರ ತಟ್ಟೆ ಬಂತು. ಮೂರ್ತಿ ಕಾಡಿಗೆಯಂಥ ಕಪ್ಪನ್ನೇ ಎತ್ತಿಕೊಂಡ. ಹೆಂಡತಿ ಮನೋರಮಾಳ ಮುಖ ನೆನಪಾಯಿತು. ಕಣ್ಣು ಮುಚ್ಚಿ ಎಳೆದ.

ಬೆಲ್ಲದ ಪಾಕದ ಹಾಗೆ ನುಣ್ಣಗೆ ಇಳಿಯಿತು. ಇನ್ನೊಮ್ಮೆ ಎಳೆದ. ಕಾಫಿಯ ಘಮ. ಹಾಸ್ಟೆಲಿನಲ್ಲಿ ಕದ್ದು ಬೀಡಿ ಸೇದಿ ಪಳಗಿದ್ದ ಗಂಟಲು ಹಾಳಾದ್ದು ಒಂಚೂರೂ ಕೆರೆಯಲಿಲ್ಲ. ಈಗ ಅವನಿಗೆ ನಿಜವಾದ ಭಯ ಹತ್ತಿತು. ಬಲವಂತವಾಗಿ ಕೆಮ್ಮಲು ಹೋದರೆ ತೇಗು ಬಂತು.

"ಈ ಎದೆಗೆ ಏನಾಗಿದೆಯಯ್ಯಾ?" ಎಂದರು ಕರ್ನಲ್.

"ಸರ್, ಕಪ್ಪಿದೆ... ಘಾಟಿರಬೇಕಿತ್ತು."

"ಮೇಲಿನ ಎಲೆ ನೋಡಿ ಹೆದರೋದಾ? ಅದನ್ನ ಹೆಚ್ಚು ದಿನ ಹದ ಮಾಡಿರ್ತಾರೆ. ಅದಕ್ಕೇ ಕಪ್ಪು, ಅದಕ್ಕೇ ಸಿಹಿ. ಘಾಟೆಲ್ಲ ಒಳಗೆ ಸುತ್ತಿದ ಎಲೇದು. ಈ ತಿಳಿ ಬಣ್ಣದ್ದಿದೆಯಲ್ಲ, ಇದು ರಾಕ್ಷಸ."

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಮೂರ್ತಿ ಗಬಕ್ಕನೆ ಅದನ್ನೆತ್ತಿ ಹಚ್ಚಿ ಎಳೆದ. ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಸೋಫಾದಿಂದ ಜಾರಿ ನೆಲಕ್ಕೆ ಕೂತು ಕೆಮ್ಮಿದ, ಕೆಮ್ಮುತ್ತಲೇ ಮೇಜಿನ ಮೇಲಿದ್ದ ಅರ್ಜಿಯತ್ತ ಬೆರಳು ತೋರಿಸಿದ.

ಕರ್ನಲ್ ಅವನ ಬೆನ್ನು ಸವರಿದರು. "ಇದಕ್ಕೆ ನಾನೂ ಕೆಮ್ತೀನಿ ಕಣಯ್ಯಾ, ಲೆಕ್ಕಕ್ಕಿಲ್ಲ. ರಾಕ್ಷಸ ಅಂದ ಮೇಲೂ ಎಳೆದ್ಯಲ್ಲ, ಅಲ್ಲಿಗೆ ಇಂಥ ಧೈರ್ಯದವನೇ ಬೇಕಿತ್ತು. ಸೋಮವಾರ ಫರೀದಾಬಾದಿಗೆ ಹೊರಡು."

ಅರ್ಜಿಯನ್ನು ಹರಿದು, ಎರಡು ಕರಿ ಸಿಗಾರನ್ನು ಅವನ ಜೇಬಿಗಿಟ್ಟರು.

"ಇಟ್ಕೋ. ಹಚ್ಚೋಕೆ ಬೆಂಕಿ ಅಲ್ಲೇ ಬೇಕಾದಷ್ಟಿದೆ."