ಅಕ್ಕ ಬದುಕಿದ್ದಾಳೆ ಎಂಬುದಕ್ಕೆ ದಾಖಲೆ

ಒಬ್ಬ ಮನುಷ್ಯ ಬದುಕಿದ್ದಾನೆ ಎಂದು ಸರ್ಕಾರಕ್ಕೆ ತಿಳಿಸಲು ಎಷ್ಟು ಹೊತ್ತು ಬೇಕು? ನನ್ನ ಅಂದಾಜಿನಲ್ಲಿ ಇಪ್ಪತ್ತು ನಿಮಿಷ. ಹುಣಸೂರಿಗೆ ಹೋಗಿ ಬರುವ ಬಸ್ಸಿನ ಹೊತ್ತು ಬೇರೆ. ಇದು ಬಾಯಿಗೆ ಬಂದ ಲೆಕ್ಕವಲ್ಲ. ಇಪ್ಪತ್ತೆರಡು ವರ್ಷ ಸೇನೆಯಲ್ಲಿ ಗುಮಾಸ್ತನಾಗಿದ್ದು, ರಜೆ ಅರ್ಜಿಯಿಂದ ಹಿಡಿದು ಕಳೆದುಹೋದ ಬೂಟಿನ ವಿಚಾರಣಾ ವರದಿಯವರೆಗೆ ಎಲ್ಲವನ್ನೂ ಮೂರು ಮೂರು ಪ್ರತಿ ಬರೆದು ನಿವೃತ್ತನಾದವನು ನಾನು. ಗುರುಪುರದಲ್ಲಿ ಇವತ್ತಿಗೂ ನನ್ನನ್ನು ಮಿಲ್ಟ್ರಿ ರೈಟರ್ ಎಂದೇ ಕರೆಯುತ್ತಾರೆ.

ನನ್ನ ಅಕ್ಕ ಪುಟ್ಟತಾಯಮ್ಮನ ಗಂಡನೂ ಸೈನಿಕ. ಭಾವ ತೀರಿಕೊಂಡ ಮೇಲೆ ಅವಳಿಗೆ ಕುಟುಂಬ ಪಿಂಚಣಿ ಬರುತ್ತಿದೆ. ಆದರೆ ಪ್ರತಿವರ್ಷ ನವೆಂಬರ್ ಮುಗಿಯುವುದರೊಳಗೆ ತಾನಿನ್ನೂ ಬದುಕಿದ್ದೇನೆಂದು ತೋರಿಸಬೇಕು, ಇಲ್ಲವಾದರೆ ಅದು ನಿಲ್ಲುತ್ತದೆ. ತಿಂಗಳ ಕೊನೆಗೆ ಪಿಂಚಣಿ ಜಮೆಯಾಗಿ ಫೋನು ಟಿಣ್ ಎಂದರೆ ಅಕ್ಕ, "ನಿಮ್ ಭಾವ ಕಳ್ಸವ್ರೆ ಕಣ್ಲಾ" ಎನ್ನುತ್ತಾಳೆ. ಭಾವ ಬದುಕಿದ್ದಾಗ ಇಷ್ಟು ತಪ್ಪದೆ ಕಾಗದ ಬರೆದವರಲ್ಲ. ಆ ಟಿಣ್ ಶಬ್ದ ಒಂದು ದಿನ ತಡವಾದರೂ ಅವಳಿಗೆ ಊಟ ಸೇರುವುದಿಲ್ಲ.

ಇಷ್ಟು ವರ್ಷ ಈ ಕೆಲಸವನ್ನು ಅವಳ ಮಗಳು ಮಾಡಿಸುತ್ತಿದ್ದಳು. ಈ ಸಲ ಮಗಳು ಬಾಣಂತಿ.

"ನಾನಿದ್ದೀನಲ್ಲ, ಯೋಚ್ನೆ ಬುಡು" ಎಂದೆ.

ನನ್ನ ಹೆಂಡತಿ ಜಯಮ್ಮ ಒಳಗಿನಿಂದಲೇ, "ಅಕ್ಕಾರು ಈಗ ಯೋಚ್ನೆ ಸುರು ಮಾಡ್ಬೇಕು" ಎಂದಳು.

ಹುಣಸೂರಿನಲ್ಲಿ ಇಮ್ತಿಯಾಜ್ ಎಂಬಾತನ ಕಂಪ್ಯೂಟರ್ ಅಂಗಡಿಯಿದೆ. ಗಾಜಿನ ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರೆ ಹಸಿರು ದೀಪ ಹತ್ತುತ್ತದೆ, ಮನುಷ್ಯ ಮುಂದಿನ ನವೆಂಬರಿನವರೆಗೆ ಜೀವಂತ. ಅಕ್ಕ ಬೆರಳಿಟ್ಟಳು. ಕೆಂಪು ದೀಪ. ಇನ್ನೊಂದು ಬೆರಳು. ಕೆಂಪು.

ಇಮ್ತಿಯಾಜ್ ಅವಳ ಕೈ ತಿರುಗಿಸಿ ನೋಡಿದ. "ಸಾಬ್, ಗೆರೆ ಎಲ್ಲಿ ಕಾಣುತ್ತೆ? ಹೊಗೆಸೊಪ್ಪಿನ ಅಂಟು ಎಷ್ಟಿದೆ ನೋಡಿ. ಈ ತಿಂಗಳು ಬಂದೋರದೆಲ್ಲ ಇದೇ ಕತೆ. ಚೆನ್ನಾಗಿ ತೊಳೆಸಿ ಕರ್ಕೊಂಡ್ ಬನ್ನಿ."

ತಪ್ಪು ಅವಳದಲ್ಲ. ನವೆಂಬರ್ ಎಂದರೆ ನಮ್ಮ ಕಡೆ ಹದ ಮಾಡಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವ ಕಾಲ. ಹೆಂಗಸರ ಬೆರಳುಗಳು ಆ ತಿಂಗಳು ಬೆಲ್ಲದ ಪಾಕದಲ್ಲಿ ಅದ್ದಿದ ಹಾಗಿರುತ್ತವೆ. ನಾವೆಲ್ಲ ಕೈ ಕಪ್ಪು ಮಾಡಿಕೊಂಡು ಕೂತಿರುವ ತಿಂಗಳನ್ನೇ ಸರ್ಕಾರ ಕೈ ತೋರಿಸಲು ಆರಿಸಿಕೊಂಡಿದೆ.

ಅಂದು ಸಂಜೆ ಮನೆಯಲ್ಲಿ ಶುದ್ಧೀಕರಣ ಕಾರ್ಯಾಚರಣೆ ಆರಂಭವಾಯಿತು. ನಿಂಬೆಹಣ್ಣು ತಿಕ್ಕಿದೆವು. ಸ್ವಲ್ಪ ಹೋಯಿತು. ಸೀಮೆಎಣ್ಣೆ ಹಚ್ಚಿದೆವು. ವಾಸನೆ ಬಂತು. ಆಗ ನನಗೆ ನನ್ನ ಬೆಲ್ಟಿನ ಹಿತ್ತಾಳೆ ಬಕಲ್ಲು ನೆನಪಾಯಿತು. ಪರೇಡಿನ ಹಿಂದಿನ ದಿನ ಅದಕ್ಕೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಒರಟು ಬಟ್ಟೆಯಲ್ಲಿ ಉಜ್ಜಿದರೆ ಸುಬೇದಾರರು ಅದರಲ್ಲಿ ಮೀಸೆ ನೋಡಿಕೊಳ್ಳಬಹುದಿತ್ತು. ಅದೇ ವಿಧಾನ. ಎಡಗೈ ಬಲಗೈ ಸೇರಿ ಹತ್ತು ಬಕಲ್ಲು ಎಂದುಕೊಂಡೆ.

"ಉರೀತದೆ ಕಣ್ಲಾ" ಎಂದಳು ಅಕ್ಕ.

"ಉರಿದ್ರೆ ಅಂಟು ಬಿಡ್ತಾ ಇದೆ ಅಂತ ಅರ್ಥ."

"ರೀ, ಅದು ಬೆರಳು ಕಣ್ರೀ, ದೀಪದ ಕಂಬ ಅಲ್ಲ" ಎಂದಳು ಜಯಮ್ಮ. ಪರೇಡ್ ಕಾಣದ ನಾಗರಿಕರಿಗೆ ಇಂಥ ವಿಷಯಗಳು ತಿಳಿಯುವುದಿಲ್ಲ. ಎರಡು ಸಂಜೆ ಉಜ್ಜಿದೆ.

ಮೂರನೆಯ ದಿನ ಇಮ್ತಿಯಾಜ್ ಅಕ್ಕನ ಬೆರಳುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅಂಟಿನ ಸುಳಿವಿರಲಿಲ್ಲ. ಗೆರೆಯ ಸುಳಿವೂ ಇರಲಿಲ್ಲ.

"ಏನ್ ಮಾಡಿದ್ರಿ ಸಾಬ್? ಇದು ಬೆರಳಲ್ಲ, ಮಾರ್ಬಲ್. ಇಷ್ಟು ನೈಸಾಗಿ ನಮ್ಮ ಅಂಗಡಿ ನೆಲಾನೂ ಇಲ್ಲ."

ಹತ್ತಕ್ಕೆ ಹತ್ತೂ ಕೆಂಪು. ಚರ್ಮ ಮತ್ತೆ ಬೆಳೆಯಲು ಮೂರು ವಾರವಾದರೂ ಬೇಕಂತೆ. ನವೆಂಬರಿನಲ್ಲಿ ಉಳಿದದ್ದು ಆರು ದಿನ.

ಇನ್ನೊಂದು ದಾರಿ ಇದೆ ಎಂದ ಇಮ್ತಿಯಾಜ್. ಫೋನಿನಲ್ಲಿ ಮುಖ ತೋರಿಸಬೇಕು, ಅದು ಹೇಳಿದಾಗ ಕಣ್ಣು ಮಿಟುಕಿಸಬೇಕು, ಅಷ್ಟೇ. ನಾನು ಉತ್ಸಾಹದಿಂದ ಅಕ್ಕನನ್ನು ಗೋಡೆಗೆ ನೇರವಾಗಿ ನಿಲ್ಲಿಸಿ ಸೆರಗು ಸರಿಮಾಡಿದೆ. ಅಲ್ಲಿಗೆ ಅವಳು ಫೋಟೋ ತೆಗೆಯುತ್ತಾರೆಂದು ನಿರ್ಧರಿಸಿದಳು. ಮದುವೆಯಾದ ಹೊಸದರಲ್ಲಿ ಭಾವನ ಜೊತೆ ಸ್ಟುಡಿಯೋದಲ್ಲಿ ಕಣ್ಣು ಮಿಟುಕಿಸಿ ಬೈಸಿಕೊಂಡವಳು ಅವಳು. ಈಗ ಕಣ್ಣನ್ನು ಬಟ್ಟಲಿನಷ್ಟು ಅಗಲ ಮಾಡಿ ನಿಂತಳು. ನೀರು ಸುರಿಯಿತು. ರೆಪ್ಪೆ ಅಲುಗಲಿಲ್ಲ.

"ಮಿಟುಕ್ಸು ಅಕ್ಕ."

"ಅಲ್ಲಾಡಿದ್ರೆ ಕೆಟ್ಟೋಯ್ತದೆ ಸುಮ್ಕಿರ್ಲಾ" ಎಂದಳು ತುಟಿ ಅಲುಗಿಸದೆ.

"ಹಿಂಗೆ, ನನ್ನ ನೋಡು" ಎಂದು ನಾನು ಮುಂದೆ ಬಾಗಿ ಮಿಟುಕಿಸಿ ತೋರಿಸಿದೆ. ಫೋನು ತಕ್ಷಣ ಒಪ್ಪಿಕೊಂಡಿತು. ಚಿತ್ರದಲ್ಲಿದ್ದದ್ದು ನನ್ನ ಮೀಸೆ. ಪುಟ್ಟತಾಯಮ್ಮನ ಮುಖಕ್ಕೆ ಹೊಂದುತ್ತಿಲ್ಲವೆಂದು ಬಂತು. ಅದೊಂದು ವಿಷಯದಲ್ಲಿ ಯಂತ್ರ ಹೇಳಿದ್ದು ಸರಿ. ಹೀಗೆ ಮೂರು ಸಲವಾದ ಮೇಲೆ ಫೋನು ನಮ್ಮೊಡನೆ ವ್ಯವಹರಿಸಲು ನಿರಾಕರಿಸಿತು.

ಅಕ್ಕ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಯಾವ ನೀರೆಂದು ನನಗೆ ಗೊತ್ತಾಗಲಿಲ್ಲ. "ನಾನಿಲ್ಲ ಅಂತ ಬರ್ಕೊಂಡ್ಬುಟ್ರೆ ನಿಮ್ ಭಾವ ಕಳ್ಸೋದು ನಿಂತೋಯ್ತದಾ?" ಎಂದು ಕೇಳಿದಳು.

ಇಮ್ತಿಯಾಜೇ ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದುಕೊಟ್ಟ. "ಸಾಬ್, ಹಳೇ ಕಾಗದದ ಫಾರಂ ಇನ್ನೂ ನಡೀತದೆ. ಬ್ಯಾಂಕಿನಲ್ಲಿ ಇವರೇ ಎದುರು ನಿಂತು ರುಜು ಮಾಡಿದ್ರೆ ಸಾಕು."

ಕಾಗದ! ಜೀವಮಾನವೆಲ್ಲ ಕಾಗದ ತಿಂದು ಬದುಕಿದವನಿಗೆ ಅದೊಂದು ಹೊಳೆದಿರಲಿಲ್ಲ. ಸರಿ, ಇನ್ನು ನನ್ನ ಕ್ಷೇತ್ರ. ಮನೆಗೆ ಬಂದು ಕಡತ ಕಟ್ಟಿದೆ. ಒಂದು ಹಾಳೆ ಕೇಳಿದ ಕಡೆ ಹದಿನೇಳು ಲಗತ್ತು ಸೇರಿಸಿದೆ. ಎಲ್ಲದರ ಮೂಲಕಾರಣ ಮೊದಲು ಬರಬೇಕೆಂಬ ಕಚೇರಿ ಶಿಸ್ತಿನಂತೆ ಭಾವನ ಮರಣ ಪ್ರಮಾಣಪತ್ರವನ್ನು ಎಲ್ಲಕ್ಕಿಂತ ಮೇಲಿಟ್ಟೆ.

ಮಾರನೆಯ ದಿನ ಹುಣಸೂರಿನ ಬ್ಯಾಂಕಿನಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿಣಿಯೊಬ್ಬರು ಕಡತ ತೆರೆದರು. ಮೇಲಿನ ಹಾಳೆ ನೋಡಿ ಮುಖ ಸಣ್ಣದು ಮಾಡಿಕೊಂಡರು.

"ಛೆ, ಪಿಂಚಣಿದಾರರು ಹೋಗ್ಬಿಟ್ರಾ ಸಾರ್? ಕೂತ್ಕೊಳಿ. ಖಾತೆ ನಿಲ್ಲಿಸೋಕೆ ಒಂದು ಅರ್ಜಿ ಬರೆದುಕೊಡಿ."

ನಾನು "ಲಗತ್ತು ಎರಡನ್ನು ದಯವಿಟ್ಟು ಪರಿಶೀಲಿಸಬೇಕು" ಎಂದು ಆರಂಭಿಸುವಷ್ಟರಲ್ಲಿ ಅವರು ಕಂಪ್ಯೂಟರಿನಲ್ಲಿ ಅಕ್ಕನ ಖಾತೆ ತೆರೆದಾಗಿತ್ತು. ಹಿಂದಿನ ಬೆಂಚಿನಿಂದ ಅಕ್ಕ ಎದ್ದಳು. ಸಾಲಿನಲ್ಲಿದ್ದವರನ್ನು ಸರಿಸಿಕೊಂಡು ಬಂದು ಮೇಜಿಗೆ ಎರಡೂ ಕೈ ಊರಿದಳು.

"ತಾಯಿ, ಪುಟ್ಟತಾಯಮ್ಮ ಅಂದ್ರೆ ನಾನೇ ಕಣವ್ವ. ಬದುಕಿವ್ನಿ. ಬೆಳಗ್ಗೆ ಎರಡು ರೊಟ್ಟಿ ತಿಂದು ಬಂದಿವ್ನಿ. ಇವನು ನನ್ ತಮ್ಮ, ಓದಿರೋನು, ಅದ್ಕೇ ಇಂಗಾಯ್ತು."

ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿಣಿ ಅವಳ ಮುಖವನ್ನೂ ಆಧಾರ್ ಕಾರ್ಡನ್ನೂ ಒಂದು ಸಲ ನೋಡಿದರು. ಅಕ್ಕ ಫಾರಮಿನ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದಳು. ಮೊಹರು ಬಿತ್ತು. ಗೋಡೆಯ ಗಡಿಯಾರ ನೋಡಿದೆ, ನಾಲ್ಕು ನಿಮಿಷ. ಹದಿನೇಳು ಲಗತ್ತುಗಳನ್ನು ಅವರು ನನಗೆ ಎರಡು ಕೈಯಲ್ಲಿ ಹಿಂದಿರುಗಿಸಿದರು.

"ಇನ್ನು ನಿಲ್ಲಲ್ಲ ತಾನೇ ಕಣವ್ವ?" ಎಂದು ಅಕ್ಕ ಮತ್ತೊಮ್ಮೆ ಕೇಳಿದಳು.

"ಇಲ್ಲ ಅಜ್ಜಿ. ಮುಂದಿನ ವರ್ಷವೂ ನೀವೇ ಬನ್ನಿ." ಆಮೇಲೆ ನನ್ನ ಕಡೆ ನೋಡಿ, ಬಹಳ ಮರ್ಯಾದೆಯಿಂದ, "ಸಾರ್‌ಗೆ ಯಾಕೆ ತೊಂದರೆ" ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಅಕ್ಕನ ಕಾರ್ಡು ಕಣ್ಣಂಚಿನಲ್ಲಿ ನೋಡಿ ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟ. ನಾಲ್ಕು ದಿನ ನಾನು ಸಾಬೀತು ಮಾಡಲಾಗದ್ದನ್ನು ಆತ ಓಡುವ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡೇ ಒಪ್ಪಿದ. ನಾನು ಎದೆ ಸೆಟೆಸಿ ನನ್ನ ಮಾಜಿ ಸೈನಿಕರ ಕಾರ್ಡು ಮುಂದೆ ಹಿಡಿದೆ.

"ಇದು ನಡೆಯಲ್ಲ ಸಾರ್, ಟಿಕೆಟ್ ತಗೊಳ್ಳಿ."

ಜೇಬು ತಡಕಿದೆ. ಹದಿನೇಳು ಲಗತ್ತಿನ ಜೆರಾಕ್ಸಿಗೇ ಚಿಲ್ಲರೆಯೆಲ್ಲ ಹೋಗಿತ್ತು. ಅಕ್ಕ ಸೆರಗಿನ ಗಂಟು ಬಿಚ್ಚಿದಳು.

"ಇವನ್ದು ನಾನ್ ಕೊಡ್ತೀನಿ ತಕೊಳಪ್ಪ. ನನ್ ಜೊತೇಲಿ ಬಂದವ್ನೆ."